ಲೆನ್ಸಿಗೆ ಕಾವಲು ಗಾಜು ಬೇಕೆ?

ಹೊಸ ಲೆನ್ಸ್ ಕೊಂಡವರ ಬಿಲ್ಲಿನ ಎರಡನೆಯ ಸಾಲಿನಲ್ಲಿ ಹೆಚ್ಚಾಗಿ ಒಂದು ಯುವಿ ಫಿಲ್ಟರ್ ಇರುತ್ತದೆ. ‘ಇಷ್ಟು ದುಡ್ಡು ಹಾಕಿದೀರಿ ಸಾರ್, ಸೇಫ್ಟಿಗೆ ಇದೊಂದು ಹಾಕ್ಕೊಂಡ್ಬಿಡಿ’ ಎಂದು ಅಂಗಡಿಯವರು ಹೇಳುತ್ತಾರೆ, ನಾವು ಹೂಂ ಎನ್ನುತ್ತೇವೆ. ಆಮೇಲೆ ಆ ಫಿಲ್ಟರ್ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಮದುವೆ ಫೋಟೊ ತೆಗೆಯುವ ಹಿರಿಯರನ್ನು ಕೇಳಿದರೆ ಫಿಲ್ಟರ್ ಇಲ್ಲದೆ ಲೆನ್ಸನ್ನು ಚೀಲದಿಂದ ಹೊರಗೇ ತೆಗೆಯಬಾರದು ಎನ್ನುತ್ತಾರೆ. ಕಾಡಿನ ಫೋಟೊ ತೆಗೆಯುವವರನ್ನು ಕೇಳಿದರೆ ಲಕ್ಷ ರೂಪಾಯಿಯ ಲೆನ್ಸಿನ ಮುಂದೆ ಐನೂರು ರೂಪಾಯಿಯ ಗಾಜು ಯಾಕೆ ಎಂದು ಮರುಪ್ರಶ್ನೆ ಹಾಕುತ್ತಾರೆ. ಇಬ್ಬರೂ ಅನುಭವದಿಂದಲೇ ಮಾತಾಡುವವರು. ಈ ವಾದ ಇಷ್ಟು ಕಾಲ ಬಗೆಹರಿಯದೆ ಉಳಿದದ್ದಕ್ಕೆ ಕಾರಣ, ‘ರಕ್ಷಣೆ’ ಎಂದಾಗ ಒಬ್ಬರ ಮನಸ್ಸಿನಲ್ಲಿ ಕೆಸರು ಇರುತ್ತದೆ, ಇನ್ನೊಬ್ಬರ ಮನಸ್ಸಿನಲ್ಲಿ ಬೀಳುವ ಭಯ ಇರುತ್ತದೆ, ಮೂರನೆಯವರು ಗೀರಿನ ಬಗ್ಗೆ ಯೋಚಿಸುತ್ತಿರುತ್ತಾರೆ. ಯಾವುದರಿಂದ ರಕ್ಷಣೆ ಎಂದು ಬಿಡಿಸಿ ಕೇಳಿದರೆ ಉತ್ತರಗಳೂ ಬೇರೆಬೇರೆಯಾಗುತ್ತವೆ.

ಮೊದಲು ಯುವಿ ಎಂಬ ಹೆಸರಿನ ಕಥೆ. ಬೆಳಕಿನ ಅಲೆಯುದ್ದ ಕಡಿಮೆಯಾದಷ್ಟೂ ಅದು ಗಾಳಿಯಲ್ಲಿ ಹೆಚ್ಚು ಚದುರುತ್ತದೆ. ಈ ಚದುರುವಿಕೆ ಅಲೆಯುದ್ದದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಏರುವುದರಿಂದ, 350 ನ್ಯಾನೊಮೀಟರಿನ ನೇರಳಾತೀತ (ಯುವಿ) ಕಿರಣ 550 ನ್ಯಾನೊಮೀಟರಿನ ಹಸಿರು ಬೆಳಕಿಗಿಂತ ಸುಮಾರು ಆರು ಪಟ್ಟು ಚದುರುತ್ತದೆ. ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ. ಫಿಲ್ಮಿಗೆ ಕಾಣುತ್ತಿತ್ತು. ಬಣ್ಣದ ಫಿಲ್ಮಿನಲ್ಲಿ ನೀಲಿಗೆ ಸ್ಪಂದಿಸುವ ಪದರ ಅದನ್ನೂ ನೀಲಿಯೆಂದೇ ದಾಖಲಿಸಿ, ದೂರದ ಬೆಟ್ಟದ ಮೇಲೆ ಕಣ್ಣು ಕಂಡಿರದ ನೀಲಿ ಮಬ್ಬನ್ನು ಎಳೆಯುತ್ತಿತ್ತು. ಆ ಕಾಲದಲ್ಲಿ ಯುವಿ ಫಿಲ್ಟರಿಗೆ ನಿಜವಾದ ಕೆಲಸವಿತ್ತು. ನಸುಗೆಂಪಿನ ‘ಸ್ಕೈಲೈಟ್’ ಫಿಲ್ಟರ್ ಕೂಡ ಅದೇ ಮನೆತನದ್ದು. ನೆರಳಿನಲ್ಲಿ ತೆಗೆದ ಸ್ಲೈಡುಗಳಲ್ಲಿ ಮುಖ ನೀಲಿಗಟ್ಟದಂತೆ ಅದನ್ನು ಹಾಕುತ್ತಿದ್ದರು.

ಡಿಜಿಟಲ್ ಕ್ಯಾಮೆರಾದಲ್ಲಿ ಆ ಕೆಲಸ ಉಳಿದಿಲ್ಲ. ಸೆನ್ಸರಿನ ಮೇಲೆಯೇ ನೇರಳಾತೀತ ಮತ್ತು ಅವಕೆಂಪು ಕಿರಣಗಳನ್ನು ತಡೆಯುವ ಗಾಜಿನ ಪದರವಿರುತ್ತದೆ. ಅದಕ್ಕೂ ಮೊದಲು ಲೆನ್ಸಿನೊಳಗಿನ ಗಾಜುಗಳು, ಅವುಗಳನ್ನು ಜೋಡಿಸಿದ ಅಂಟು, ಮೇಲಿನ ಕೋಟಿಂಗ್ ಎಲ್ಲವೂ ನೇರಳಾತೀತವನ್ನು ಬಹುಪಾಲು ನುಂಗಿರುತ್ತವೆ. ಹೂವುಗಳ ನೇರಳಾತೀತ ಚಿತ್ರ ತೆಗೆಯಬೇಕೆನ್ನುವ ವಿಜ್ಞಾನಿಗಳಿಗೆ ಮಾಮೂಲಿ ಲೆನ್ಸ್ ಸಾಲದೆ, ಕ್ವಾರ್ಟ್ಜ್ ಮತ್ತು ಫ್ಲೋರೈಟಿನಿಂದ ಮಾಡಿದ 105 ಮಿ.ಮೀ. ಯುವಿ-ನಿಕ್ಕೊರ್‌ನಂಥ ವಿಶೇಷ ಲೆನ್ಸ್ ಬೇಕಾದದ್ದು ಇದರಿಂದಲೇ. ಹಾಗಾಗಿ ಮುಳ್ಳಯ್ಯನಗಿರಿಯ ತುದಿಯಲ್ಲಿ ನಿಂತು ಯುವಿ ಫಿಲ್ಟರ್ ಹಾಕಿದರೆ ಕಣಿವೆಯ ಮಬ್ಬು ಕರಗುತ್ತದೆ ಎಂದು ನಂಬುವುದು ಬೇಡ. ಆ ಮಬ್ಬು ನೀರಿನ ಹನಿ ಮತ್ತು ಧೂಳಿನದು, ಫಿಲ್ಟರಿಗೆ ಅದನ್ನು ತೆಗೆಯಲಾಗದು. ಇದನ್ನು ಒಪ್ಪಿಕೊಂಡೇ ಕೆಲವು ಕಂಪನಿಗಳು ಯುವಿ ಎಂಬ ಹೆಸರನ್ನು ಬಿಟ್ಟು ‘ಪ್ರೊಟೆಕ್ಟರ್’ ಎಂಬ ಬಣ್ಣವಿಲ್ಲದ ಬರಿಗಾಜನ್ನೇ ಮಾರುತ್ತಿವೆ. ನಿಕಾನ್ ತನ್ನದನ್ನು ‘ಎನ್‌ಸಿ’ ಎಂದು ಕರೆಯುತ್ತದೆ. ಕಾವಲಿಗಾಗಿಯೇ ಕೊಳ್ಳುವುದಾದರೆ ಅದೇ ಸರಿ. ಕೆಲವು ಯುವಿ ಫಿಲ್ಟರುಗಳು ನೇರಳೆ ಬೆಳಕಿನ ಅಂಚನ್ನೂ ಕತ್ತರಿಸಿ ಚಿತ್ರಕ್ಕೆ ತುಸು ಹಳದಿ ತರುತ್ತವೆ.

ಕಾವಲಿನ ಅಭ್ಯಾಸಕ್ಕೆ ಇನ್ನೊಂದು ಹಳೆಯ ಬೇರಿದೆ. ಗಾಜಿನಿಂದ ಬೆಳಕು ಪ್ರತಿಫಲಿಸದಂತೆ ತೆಳುವಾದ ಲೇಪ ಹಚ್ಚುವ ವಿಧಾನವನ್ನು 1935ರಲ್ಲಿ ಜರ್ಮನಿಯ ಕಾರ್ಲ್ ಜೈಸ್ ಕಂಪನಿಯಲ್ಲಿ ಅಲೆಕ್ಸಾಂಡರ್ ಸ್ಮಾಕುಲಾ ಕಂಡುಹಿಡಿದರು. ಮೊದಮೊದಲ ಲೇಪಗಳು ಮೆತ್ತಗಿದ್ದವು. 1940-50ರ ದಶಕದ ಲೆನ್ಸುಗಳನ್ನು ಈಗ ಬೆಳಕಿಗೆ ಹಿಡಿದರೆ ಮುಂದಿನ ಗಾಜಿನ ಮೇಲೆ ಕೂದಲೆಳೆಯಂಥ ಸುತ್ತುಗೀರುಗಳು ಕಾಣುವುದುಂಟು. ಬಿದ್ದು ಆದವುಗಳಲ್ಲ ಅವು, ಒರೆಸಿ ಒರೆಸಿ ಆದವು. ಆಗಿನ ಛಾಯಾಗ್ರಾಹಕ ಫಿಲ್ಟರ್ ಹಾಕಿಕೊಂಡದ್ದು ಜಾಣತನವೇ. 1970ರ ದಶಕದ ಆರಂಭದಲ್ಲಿ ಪೆಂಟಾಕ್ಸ್ ಮತ್ತು ಜೈಸ್ ಬಹುಪದರದ ಲೇಪಗಳನ್ನು ತಂದವು, ಲೇಪ ಹಚ್ಚುವ ತಂತ್ರವೂ ಬೆಳೆಯಿತು. ಇಂದಿನ ಲೇಪಗಳು ಗಟ್ಟಿ. ದುಬಾರಿ ಲೆನ್ಸುಗಳ ಮುಂಗಾಜಿಗೆ ಮೇಲಿನಿಂದ ಫ್ಲೋರಿನ್ ಲೇಪವೂ ಇರುತ್ತದೆ, ನೀರು ಮತ್ತು ಜಿಡ್ಡು ಅದರ ಮೇಲೆ ನಿಲ್ಲದೆ ಜಾರುತ್ತವೆ. ಗಾಜು ಬದಲಾದರೂ ಗಾಜಿನ ಬಗೆಗಿನ ಭಯ ಮಾತ್ರ ಹಾಗೆಯೇ ಉಳಿದಿದೆ.

ಈಗ ಬೀಳುವ ಮಾತು. ಫಿಲ್ಟರ್ ಪರವಾದ ಎಲ್ಲ ಸಾಕ್ಷಿಗಳಲ್ಲಿ ಅತಿ ಹೆಚ್ಚು ಕೇಳಿಬರುವುದು ಇದು: ಕ್ಯಾಮೆರಾ ಕೈಜಾರಿ ಬಿತ್ತು, ಫಿಲ್ಟರ್ ಚೂರುಚೂರಾಯಿತು, ಲೆನ್ಸಿಗೆ ಏನೂ ಆಗಲಿಲ್ಲ. ಕೇಳಿದವರಿಗೆ ಇದು ಸಂಶಯಕ್ಕೆ ಎಡೆಯಿಲ್ಲದ ಪುರಾವೆ ಎನಿಸುತ್ತದೆ. ಒಂದು ನಿಮಿಷ ನಿಂತು ಯೋಚಿಸಬೇಕು. ಫಿಲ್ಟರಿನ ಗಾಜು ಒಂದೆರಡು ಮಿಲಿಮೀಟರಿನದು, ಅಂಚಿನಲ್ಲಿ ಮಾತ್ರ ಆಧಾರವಿರುವಂಥದು. ಲೆನ್ಸಿನ ಮುಂದಿನ ಗಾಜು ದಪ್ಪ, ಉಬ್ಬಾದದ್ದು, ಲೋಹದ ಕೊಳವೆಯಲ್ಲಿ ಬಿಗಿಯಾಗಿ ಕೂತದ್ದು. ಮೊದಲನೆಯದನ್ನು ಒಡೆಯಲು ಸಾಕಾಗುವ ಪೆಟ್ಟು ಎರಡನೆಯದಕ್ಕೆ ಏನೂ ಅಲ್ಲದಿರಬಹುದು. ಫಿಲ್ಟರ್ ಒಡೆದಿದೆ ಎಂಬುದು ಫಿಲ್ಟರಿನ ದುರ್ಬಲತೆಯನ್ನು ತೋರಿಸುತ್ತದೆ, ಅದು ಇಲ್ಲದಿದ್ದರೆ ಲೆನ್ಸ್ ಒಡೆಯುತ್ತಿತ್ತು ಎಂಬುದನ್ನಲ್ಲ. ಅಮೆರಿಕದ ವನ್ಯಜೀವಿ ಛಾಯಾಗ್ರಾಹಕ ಸ್ಟೀವ್ ಪೆರಿ ಇದನ್ನು ಪರೀಕ್ಷಿಸಿ ನೋಡಿದರು. ಹಲವು ಬಗೆಯ ಫಿಲ್ಟರುಗಳ ಮೇಲೂ ಕೆಲಸಕ್ಕೆ ಬಾರದ ಹಳೆಯ ಲೆನ್ಸುಗಳ ಮೇಲೂ ತೂಕವನ್ನು ಮೇಲುಮೇಲಿನಿಂದ ಬೀಳಿಸುತ್ತ ಹೋದರು. ಫಿಲ್ಟರುಗಳು ತೀರಾ ಕಡಿಮೆ ಎತ್ತರದ ಪೆಟ್ಟಿಗೇ ಒಡೆದವು. ಲೆನ್ಸಿನ ಗಾಜುಗಳು ಅದಕ್ಕಿಂತ ಎಷ್ಟೋ ಹೆಚ್ಚು ತಾಳಿಕೊಂಡವು. ಕೆಲವು ಲೆನ್ಸುಗಳ ಒಳಭಾಗ ಮುಂಗಾಜಿಗಿಂತ ಮೊದಲೇ ಹಾಳಾಗಿತ್ತು.

ಬಿದ್ದ ಲೆನ್ಸ್ ರಿಪೇರಿಗೆ ಬರುವುದೂ ಬಹುಮಟ್ಟಿಗೆ ಹಾಗೆಯೇ: ಮೌಂಟ್ ಸೊಟ್ಟಗಾಗಿ, ಒಳಗಿನ ಗಾಜು ಜಾಗ ಬಿಟ್ಟು ಸರಿದು, ಆಟೋಫೋಕಸಿನ ಮೋಟರ್ ಕೆಟ್ಟು, ಝೂಮ್ ಕೊಳವೆ ಸಿಕ್ಕಿಕೊಂಡು. ಇದಾವುದನ್ನೂ ಫಿಲ್ಟರಿನ ಗಾಜು ತಡೆಯಲಾರದು. ಒಡೆದ ಫಿಲ್ಟರಿನ ಚೂಪು ಚೂರುಗಳು ಲೆನ್ಸಿನ ಗಾಜಿನ ಮೇಲೆಯೇ ಕುಳಿತು ಅದನ್ನು ಗೀರುವುದೂ ಇದೆ. ಹಾಗೆಂದು ಬೀಳುವಾಗ ಫಿಲ್ಟರಿನಿಂದ ಏನೇನೂ ಉಪಯೋಗವಿಲ್ಲ ಎನ್ನುವುದು ಅನ್ಯಾಯ. ಲೆನ್ಸ್ ಅಂಚಿನ ಮೇಲೆ ಬಿದ್ದಾಗ ಫಿಲ್ಟರಿನ ಲೋಹದ ಉಂಗುರ ಪೆಟ್ಟನ್ನು ತಾನು ತಿಂದು ಬಾಗುತ್ತದೆ, ಲೆನ್ಸಿನ ಥ್ರೆಡ್ ಉಳಿಯುತ್ತದೆ. ಆದರೆ ಬಾಗಿದ ಉಂಗುರ ಅಲ್ಲೇ ಕಚ್ಚಿಕೊಂಡು, ಬಿಚ್ಚಲು ಕುಶಲಿಗರ ಬಳಿ ಹೋಗಬೇಕಾಗುತ್ತದೆ. ಪೆಟ್ಟು ತಿನ್ನುವ ಈ ಕೆಲಸವನ್ನು ಲೆನ್ಸಿನ ಮುಂದೆ ಸಿಕ್ಕಿಸುವ ಪ್ಲಾಸ್ಟಿಕ್ಕಿನ ಹುಡ್ ಇನ್ನೂ ಚೆನ್ನಾಗಿ ಮಾಡುತ್ತದೆ. ಅದು ಬಾಗುತ್ತದೆ, ಕಳಚುತ್ತದೆ, ಕೊನೆಗೆ ಸೀಳುತ್ತದೆ. ಅಷ್ಟರಲ್ಲಿ ಪೆಟ್ಟಿನ ಜೋರು ಇಳಿದಿರುತ್ತದೆ. ಜೊತೆಗೆ ಅಡ್ಡಬೆಳಕನ್ನು ತಡೆದು ಚಿತ್ರವನ್ನೂ ಉತ್ತಮಪಡಿಸುತ್ತದೆ. ಲೆನ್ಸಿನ ಡಬ್ಬಿಯಲ್ಲೇ ಹುಡ್ ಇದ್ದೂ ಅದನ್ನು ತಿರುಗುಮುರುಗಾಗಿ ಸಿಕ್ಕಿಸಿಕೊಂಡೇ ಫೋಟೊ ತೆಗೆಯುವವರನ್ನು ಕಂಡಾಗಲೆಲ್ಲ ಹತ್ತಿರ ಹೋಗಿ ಹೇಳಬೇಕೆನಿಸುತ್ತದೆ. ಬೀಳುವ ಭಯ ಇರುವವರಿಗೆ ನನ್ನ ಉತ್ತರ ಹುಡ್, ಫಿಲ್ಟರ್ ಅಲ್ಲ.

ಗೀರಿನ ಭಯವನ್ನೂ ತೂಗಿ ನೋಡಬೇಕು. ಮುಂಗಾಜಿನ ಮೇಲಿನ ಒಂದು ಗೀರು ಚಿತ್ರದಲ್ಲಿ ಗೀರಾಗಿ ಮೂಡುವುದಿಲ್ಲ. ಅದು ಫೋಕಸ್ ಆಗುವ ದೂರಕ್ಕಿಂತ ತೀರಾ ಹತ್ತಿರದಲ್ಲಿದೆ, ಚಿತ್ರದ ಪ್ರತಿಯೊಂದು ಬಿಂದುವಿಗೂ ಬೆಳಕು ಗಾಜಿನ ಅಗಲಕ್ಕೂ ಹಾದುಬರುತ್ತದೆ. ಚಿಕ್ಕ ಗೀರು, ನಾಲ್ಕಾರು ಧೂಳಿನ ಕಣ ಒಟ್ಟು ಬೆಳಕಿನಲ್ಲಿ ಲೆಕ್ಕಕ್ಕೆ ಬಾರದಷ್ಟನ್ನು ತಡೆಯುತ್ತವೆ. ಸೂರ್ಯನಿಗೆ ಎದುರಾಗಿ ತೆಗೆದಾಗ, ಅಥವಾ ಅಗಲ ನೋಟದ ಲೆನ್ಸನ್ನು ಎಫ್/16ರಷ್ಟು ಕಿರಿದು ಮಾಡಿದಾಗ ಮಾತ್ರ ದೊಡ್ಡ ಗೀರಿನ ಗುರುತು ಸಿಗುತ್ತದೆ. ಹಿಂದಿನ ಗಾಜು, ಅಂದರೆ ಸೆನ್ಸರಿಗೆ ಹತ್ತಿರವಿರುವುದು, ಇದಕ್ಕಿಂತ ಎಷ್ಟೋ ಸೂಕ್ಷ್ಮ. ಅಲ್ಲಿಯ ಬೆರಳಚ್ಚು ಕೂಡ ಚಿತ್ರವನ್ನು ಕೆಡಿಸುತ್ತದೆ. ಲೆನ್ಸ್ ಬದಲಿಸುವಾಗ ಅದನ್ನು ಮುಚ್ಚಳವಿಲ್ಲದೆ ಚೀಲಕ್ಕೆ ಹಾಕುವವರೇ ಮುಂಗಾಜಿಗೆ ಎರಡು ಪದರ ಕಾವಲು ಹಾಕಿರುತ್ತಾರೆ. ಗೀರು ನಿಜವಾಗಿ ತಟ್ಟುವುದು ಲೆನ್ಸನ್ನು ಮಾರುವಾಗ. ಕೊಳ್ಳುವವರು ಟಾರ್ಚ್ ಬಿಟ್ಟು ನೋಡುತ್ತಾರೆ, ಬೆಲೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಲೆನ್ಸ್ ಬದಲಿಸುವವರಿಗೆ ಫಿಲ್ಟರ್ ಆ ದೃಷ್ಟಿಯಿಂದ ಲಾಭದ ಬಾಬತ್ತು.

ಹಾಗಾದರೆ ಫಿಲ್ಟರ್ ನಿಜವಾಗಿ ಎಲ್ಲಿ ಬೇಕು? ಕರಾವಳಿಗೆ ಬನ್ನಿ. ಕಂಬಳದ ಕರೆಯಲ್ಲಿ ಕೋಣಗಳು ಓಟ ಮುಗಿಯುವ ಮಂಜೊಟ್ಟಿಯ ಕಡೆಗೆ ಓಡಿಬರುವಾಗ ಎದುರಿಗೆ ಕೂತು ಫೋಟೊ ತೆಗೆಯುವವರ ಮೇಲೆ ಬೀಳುವುದು ನೀರೊಂದೇ ಅಲ್ಲ, ಮಣ್ಣು ಮತ್ತು ಮರಳು ಕಲಸಿದ ನೀರು. ಕನೆಹಲಗೆ ವಿಭಾಗದಲ್ಲಂತೂ ನೀರು ಆರೂವರೆ, ಏಳೂವರೆ ಕೋಲು ಎತ್ತರದ ನಿಶಾನೆಗೆ ಚಿಮ್ಮಬೇಕೆಂಬುದೇ ಸ್ಪರ್ಧೆ. ಆ ಮರಳಿನಲ್ಲಿರುವ ಕ್ವಾರ್ಟ್ಜಿನ ಗಡಸುತನ ಮೋಸ್ ಮಾಪನದಲ್ಲಿ 7, ಸಾಮಾನ್ಯ ಗಾಜಿನದು ಸುಮಾರು ಐದೂವರೆ. ಮುಂದಿನ ಜೋಡಿ ಬರುವ ಆತುರದಲ್ಲಿ ಅಂಗಿಯ ಅಂಚಿನಿಂದ ಒಮ್ಮೆ ಒರೆಸಿದರೆ ಸಾಕು, ಮರಳು ಗಾಜನ್ನು ಗೀರುತ್ತದೆ. ಇಲ್ಲಿ ಗಾಜಿಗೆ ಅಪಾಯ ಬರುವುದು ಹಾರಿಬಂದ ಕೆಸರಿಗಿಂತಲೂ ಅದನ್ನು ಒರೆಸುವ ಕೈಯಿಂದ. ಫಿಲ್ಟರ್ ಇದ್ದರೆ ಕೈ ಹಿಂಜರಿಯದೆ ಒರೆಸಬಹುದು. ಸಂಜೆ ಅದನ್ನು ಬಿಚ್ಚಿ ನಲ್ಲಿಯ ನೀರಿಗೆ ಹಿಡಿದು ತೊಳೆಯಬಹುದು. ಲೆನ್ಸನ್ನು ನಲ್ಲಿಗೆ ಹಿಡಿಯಲಾಗುವುದಿಲ್ಲ. ಕಾವಲು ಗಾಜಿನ ಪರವಾಗಿ ಹೇಳಬಹುದಾದ ಅತಿ ಗಟ್ಟಿ ಮಾತು ಇದೇ ಎಂದು ನನ್ನ ಎಣಿಕೆ.

ಮರವಂತೆಯ ಕಡಲಂಚಿನಲ್ಲೂ ಇದೇ ಮಾತು. ಅಲೆಯ ಸಿಂಚನ ಗಾಜಿನ ಮೇಲೆ ಒಣಗಿದರೆ ಉಪ್ಪಿನ ಹರಳುಗಳು ಉಳಿಯುತ್ತವೆ, ಒಣಬಟ್ಟೆಯಿಂದ ಉಜ್ಜಿದರೆ ಗಾಜಿನ ತುಂಬ ಹರಡುತ್ತವೆ. ಬಾಗಲಕೋಟೆಯ ಹೋಳಿಯಲ್ಲಿ ಗಾಡಿಗಳ ಮೇಲಿನ ಬ್ಯಾರಲ್ಲುಗಳಿಂದ ಬಣ್ಣದ ನೀರು ಎರಚುವಾಗಲೂ, ಕಲ್ಲುಕ್ವಾರಿಯಲ್ಲೂ, ಬೆಸುಗೆಯ ಕಿಡಿ ಹಾರುವ ವರ್ಕ್‌ಶಾಪಿನಲ್ಲೂ ಫಿಲ್ಟರ್ ಇಲ್ಲದೆ ಹೋಗಬಾರದು. ಮಕ್ಕಳ ಬೆರಳು, ಅಕ್ಷತೆ, ಅರಿಸಿನ, ಹೋಮದ ಹೊಗೆಯ ನಡುವೆ ದಿನವಿಡೀ ಓಡಾಡುವ, ಒರೆಸಿಕೊಳ್ಳಲು ಅರೆನಿಮಿಷ ಸಿಗದ ಮದುವೆ ಛಾಯಾಗ್ರಾಹಕರು ಅದನ್ನು ಬಿಚ್ಚದಿರುವುದು ನನಗೆ ಅರ್ಥವಾಗುತ್ತದೆ. ಕೆಲವು ಲೆನ್ಸುಗಳ ರಚನೆಯೇ ಫಿಲ್ಟರನ್ನು ಕೇಳುತ್ತದೆ. ಕ್ಯಾನನ್‌ನ 17-40 ಮಿ.ಮೀ. ಎಫ್/4 ಎಲ್ ಲೆನ್ಸಿನ ಮುಂಗಾಜು ಕೊಳವೆಯೊಳಗೇ ಹಿಂದೆಮುಂದೆ ಸರಿಯುತ್ತದೆ. ಧೂಳು ಮತ್ತು ನೀರಿನ ತಡೆ ಪೂರ್ತಿಯಾಗಬೇಕಾದರೆ ಫಿಲ್ಟರ್ ಹಾಕಬೇಕೆಂದು ಅದರ ಕೈಪಿಡಿಯೇ ಹೇಳುತ್ತದೆ. ಇನ್ನು ಹೊರಗೆ ಚಾಚುವ ಝೂಮ್ ಕೊಳವೆಯ ಸಂದಿನಿಂದ ಒಳಹೋಗುವ ಬಣ್ಣದ ಪುಡಿಗೆ ಫಿಲ್ಟರ್ ಏನೂ ಮಾಡಲಾರದು, ಅಲ್ಲಿ ಪ್ಲಾಸ್ಟಿಕ್ ಕವರೇ ಬೇಕು.

ಈ ಕಾವಲಿಗೆ ಚಿತ್ರ ತೆರುವ ಬೆಲೆಯೂ ಇದೆ. ಲೇಪವಿಲ್ಲದ ಗಾಜಿನ ಒಂದೊಂದು ಮೈಯೂ ಸುಮಾರು ಶೇ. 4ರಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಫಿಲ್ಟರಿಗೆ ಎರಡು ಮೈ, ಹಾಗಾಗಿ ಹತ್ತಿರಹತ್ತಿರ ಶೇ. 8. ಬೆಳಕು ಅಷ್ಟು ಕಡಿಮೆಯಾದರೆ ತೊಂದರೆಯಿಲ್ಲ, ಕ್ಯಾಮೆರಾ ಸರಿದೂಗಿಸಿಕೊಳ್ಳುತ್ತದೆ. ತೊಂದರೆ ಇರುವುದು ಹಿಂದಿರುಗಿದ ಬೆಳಕು ಎಲ್ಲಿ ಹೋಗುತ್ತದೆ ಎಂಬುದರಲ್ಲಿ. ಸೆನ್ಸರಿನ ಮೈ ಹೊಳೆಯುವಂಥದು. ಅದರಿಂದ ಮರಳಿದ ಬೆಳಕು ಲೆನ್ಸನ್ನು ಹಾದು ಫಿಲ್ಟರಿಗೆ ಬಡಿದು ಮತ್ತೆ ಸೆನ್ಸರಿಗೆ ಬರುತ್ತದೆ. ಲೆನ್ಸಿನ ಗಾಜು ಬಾಗಿರುವುದರಿಂದ ಅದರ ಮೇಲಿನ ಇಂಥ ಪ್ರತಿಫಲನ ಚದುರಿಹೋಗುತ್ತದೆ. ಫಿಲ್ಟರ್ ಸಪಾಟು, ಹಾಗಾಗಿ ಅದು ಕಳಿಸುವ ಪ್ರತಿಬಿಂಬ ಸ್ಪಷ್ಟವಾಗಿ, ಚಿತ್ರದ ನಡುಬಿಂದುವಿನ ಆಚೆ ಬದಿಯಲ್ಲಿ ತಲೆಕೆಳಗಾಗಿ ಮೂಡುತ್ತದೆ. ಮೈಸೂರು ಅರಮನೆಯ ಲಕ್ಷದಷ್ಟು ಬಲ್ಬುಗಳು ಒಮ್ಮೆಗೇ ಹೊತ್ತಿಕೊಂಡಾಗ ಅಗ್ಗದ ಫಿಲ್ಟರ್ ಹಾಕಿ ತೆಗೆದ ಚಿತ್ರಗಳ ಕಪ್ಪು ಆಕಾಶದಲ್ಲಿ ಹಸಿರು ಚುಕ್ಕೆಗಳ ಇನ್ನೊಂದು ಮಸುಕು ಅರಮನೆ ತೇಲುತ್ತಿರುತ್ತದೆ. ಎಷ್ಟೋ ಜನ ಇದನ್ನು ಲೆನ್ಸಿನ ದೋಷವೆಂದೇ ತಿಳಿದಿದ್ದಾರೆ. ಧರ್ಮಸ್ಥಳದ ಲಕ್ಷದೀಪೋತ್ಸವ, ರಾತ್ರಿಯ ನಗರ, ಹುಣ್ಣಿಮೆಯ ಚಂದ್ರ, ಚೌಕಟ್ಟಿನೊಳಗೇ ಸೂರ್ಯನಿರುವ ಮುಂಜಾವು — ಇಲ್ಲೆಲ್ಲ ಫಿಲ್ಟರ್ ಬಿಚ್ಚಿ ಜೇಬಿಗೆ ಹಾಕಿಕೊಳ್ಳಬೇಕು.

ಒಳ್ಳೆಯ ಬಹುಪದರ ಲೇಪದ ಫಿಲ್ಟರಿನಲ್ಲಿ ಒಂದು ಮೈಯ ಪ್ರತಿಫಲನ ಶೇ. ಅರ್ಧಕ್ಕಿಂತಲೂ ಕೆಳಗಿರುತ್ತದೆ. ವ್ಯತ್ಯಾಸ ಎಷ್ಟು ದೊಡ್ಡದೆಂದು ಅಮೆರಿಕದ ಲೆನ್ಸ್‌ರೆಂಟಲ್ಸ್ ಸಂಸ್ಥೆಯ ಸ್ಥಾಪಕ ರೋಜರ್ ಸಿಕಾಲಾ ತೋರಿಸಿದ್ದರು. ಒಂದರ ಮೇಲೊಂದು ಐವತ್ತು ಫಿಲ್ಟರುಗಳನ್ನು ತಿರುಗಿಸಿ ಹಾಕಿ ಚಿತ್ರ ತೆಗೆದರು, ಅದು ತೀರಾ ಹದಗೆಟ್ಟಿತ್ತು. ಬಳಿಕ ಒಳ್ಳೆಯ ಫಿಲ್ಟರುಗಳ ಪುಟ್ಟ ಕಟ್ಟನ್ನೂ ಕಳಪೆ ಫಿಲ್ಟರುಗಳ ಅಷ್ಟೇ ದೊಡ್ಡ ಕಟ್ಟನ್ನೂ ಹೋಲಿಸಿದರು. ಕಳಪೆಯ ಹಾನಿ ಎದ್ದು ಕಂಡಿತು, ಒಳ್ಳೆಯವು ಬಹಳ ಕಡಿಮೆ ಕೆಡಿಸಿದ್ದವು. ಹಗಲು ಬೆಳಕಿನಲ್ಲಿ, ಬೆನ್ನ ಹಿಂದೆ ಸೂರ್ಯನಿರುವಾಗ, ಒಳ್ಳೆಯ ಫಿಲ್ಟರ್ ಹಾಕಿದ ಮತ್ತು ಹಾಕದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಹೇಳಲಾಗದು. ಫಿಲ್ಟರ್ ಹಾಕಿದ ಕೂಡಲೇ ಚಿತ್ರ ಮೊಂಡಾಗುತ್ತದೆ ಎನ್ನುವವರ ಮಾತು ಅಷ್ಟರಮಟ್ಟಿಗೆ ಅತಿಶಯ.

ಉದ್ದ ಲೆನ್ಸುಗಳದ್ದು ಬೇರೆಯೇ ಸಂಗತಿ. ಫಿಲ್ಟರಿನ ಗಾಜು ಪೂರ್ತಿ ಸಮತಟ್ಟಾಗಿಲ್ಲದಿದ್ದರೆ ಆ ದೋಷವನ್ನೂ ಟೆಲಿಫೋಟೊ ಲೆನ್ಸ್ ಹಿಗ್ಗಿಸಿ ತೋರಿಸುತ್ತದೆ. ಕಬಿನಿಯಲ್ಲಿ ಹುಲಿಯ ಮೀಸೆ ಮೊಂಡಾಗಿ ಬಂದಾಗ ಅಲುಗಾಟವನ್ನೋ ಬಿಸಿಗಾಳಿಯನ್ನೋ ದೂರುವ ಮುನ್ನ ಮುಂದಿನ ಅಗ್ಗದ ಫಿಲ್ಟರನ್ನು ಬಿಚ್ಚಿ ನೋಡಬೇಕು. 600 ಮಿ.ಮೀ. ಎಫ್/4 ಲೆನ್ಸಿನ ಬೆಳಕಿನ ಬಾಯಿ 150 ಮಿ.ಮೀ. ಅಗಲ. ಅಷ್ಟು ದೊಡ್ಡ ಗಾಜನ್ನು ನಿಖರವಾಗಿ ಸಮತಟ್ಟು ಮಾಡುವುದು ತುಂಬ ದುಬಾರಿ. ಹೀಗಾಗಿ ಇಂಥ ಲೆನ್ಸುಗಳ ಮುಂದೆ ಫಿಲ್ಟರ್ ಥ್ರೆಡ್ ಇರುವುದಿಲ್ಲ, ಹಿಂಬದಿಯ ಚಿಕ್ಕ ಗೂಡಿನಲ್ಲಿ ಫಿಲ್ಟರ್ ಇಳಿಸುತ್ತಾರೆ. ಆದರೂ ತಯಾರಕರು ಮುಂಗಾಜಿನ ಕಾಳಜಿಯನ್ನು ಬಿಟ್ಟಿರಲಿಲ್ಲ. ನಿಕಾನಿನ ಹಲವು ದೊಡ್ಡ ಟೆಲಿಫೋಟೊಗಳ ಮುಂತುದಿಯಲ್ಲಿ ತುಸು ಬಾಗಿದ ಕಾವಲು ಗಾಜೊಂದು ಲೆನ್ಸಿನ ಭಾಗವಾಗಿಯೇ ಬಂದಿದೆ. ಬಾಗಿದ್ದರಿಂದ ಅದು ಸಪಾಟು ಫಿಲ್ಟರಿನಂತೆ ಪ್ರತಿಬಿಂಬ ಕಟ್ಟುವುದಿಲ್ಲ, ಹಾಳಾದರೆ ಅದೊಂದನ್ನೇ ಬದಲಿಸಬಹುದು.

ನಾರ್ವೆಗೋ ಐಸ್‌ಲ್ಯಾಂಡಿಗೋ ಹೋಗಿ ಧ್ರುವಪ್ರಭೆಯ ಚಿತ್ರ ತೆಗೆಯುವ ಕನ್ನಡಿಗರು ಈಚೆಗೆ ಹೆಚ್ಚಿದ್ದಾರೆ. ಅವರಿಗೆ ಒಂದು ಮಾತು: ಅಲ್ಲಿ ಫಿಲ್ಟರ್ ಬೇಡವೇ ಬೇಡ. ಧ್ರುವಪ್ರಭೆಯ ಹಸಿರು ಆಮ್ಲಜನಕದಿಂದ ಹೊರಡುವ 557.7 ನ್ಯಾನೊಮೀಟರಿನ ಒಂದೇ ಕಿರಿದಾದ ರೇಖೆ. ಅಂಥ ಶುದ್ಧ ಬಣ್ಣದ ಬೆಳಕು ಫಿಲ್ಟರಿನ ಎರಡು ಸಮಾನಾಂತರ ಮೈಗಳ ನಡುವೆ ಪುಟಿದು ವ್ಯತಿಕರಣವಾಗಿ, ಚಿತ್ರದ ನಡುವೆ ಒಂದರೊಳಗೊಂದು ಉಂಗುರಗಳನ್ನು ಮೂಡಿಸುತ್ತದೆ. ಊರಿಗೆ ಬಂದು ಕಂಪ್ಯೂಟರಿನಲ್ಲಿ ನೋಡಿದಾಗ ಅವನ್ನು ಅಳಿಸುವುದು ಬಲು ಕಷ್ಟ.

ನಮ್ಮ ಕರಾವಳಿ ಮತ್ತು ಮಲೆನಾಡಿನಲ್ಲಿ ಲೆನ್ಸುಗಳ ನಿಜವಾದ ಶತ್ರು ಫಂಗಸ್. ಆಗುಂಬೆಯ ಮಳೆಗಾಲದಲ್ಲಿ ಮುಚ್ಚಿದ ಚರ್ಮದ ಚೀಲದಲ್ಲಿ ಮೂರು ತಿಂಗಳು ಇಟ್ಟ ಲೆನ್ಸಿನೊಳಗೆ ಜೇಡರಬಲೆಯಂಥ ಎಳೆಗಳು ಹಬ್ಬುತ್ತವೆ. ಅದು ಬಿಡುವ ಆಮ್ಲ ಲೇಪವನ್ನೂ ಗಾಜನ್ನೂ ತಿನ್ನುತ್ತದೆ, ಒಮ್ಮೆ ತಿಂದದ್ದು ತೊಳೆದರೆ ಮರಳುವುದಿಲ್ಲ. ಫಿಲ್ಟರ್ ಇದನ್ನು ತಡೆಯದು. ಒದ್ದೆ ಗಾಜಿನ ಮೇಲೆ ಫಿಲ್ಟರ್ ಬಿಗಿದಿಟ್ಟರೆ ನಡುವಿನ ಸಂದಿನಲ್ಲಿ ತೇವ ಸಿಕ್ಕಿಕೊಂಡು ಬೂಷ್ಟಿಗೆ ಅನುಕೂಲವೇ ಆಗುತ್ತದೆ. ಮಳೆಯಿಂದ ಬಂದ ದಿನ ಫಿಲ್ಟರ್ ಬಿಚ್ಚಿ, ಎರಡನ್ನೂ ಆರಲು ಬಿಟ್ಟು, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲೋ ಡ್ರೈ ಕ್ಯಾಬಿನೆಟ್ಟಿನಲ್ಲೋ ಇಡಬೇಕು. ಮಂಗಳೂರು, ಕಾರವಾರ, ತೀರ್ಥಹಳ್ಳಿಯ ಕಡೆಯವರು ದುಬಾರಿ ಫಿಲ್ಟರಿಗೆ ತೆಗೆದಿಟ್ಟ ಹಣವನ್ನು ಮೊದಲು ಇದಕ್ಕೆ ಹಾಕಲಿ.

ಕೊಳ್ಳುವುದೇ ಆದರೆ ಬಹುಪದರ ಲೇಪದ್ದನ್ನೇ ಕೊಳ್ಳಬೇಕು. ಕೆಲವು ನೂರು ರೂಪಾಯಿಗೆ ಸಿಗುವ ಲೇಪವಿಲ್ಲದ ಫಿಲ್ಟರ್ ಇಲ್ಲದಿರುವುದೇ ಮೇಲು. ಒಳ್ಳೆಯದಕ್ಕೆ 77 ಮಿ.ಮೀ. ಅಳತೆಯಲ್ಲಿ ಕೆಲವು ಸಾವಿರ ತೆರಬೇಕಾಗುತ್ತದೆ, ಆದ್ದರಿಂದ 18-55ರಂಥ ಕಿಟ್ ಲೆನ್ಸಿಗೆ ಅದನ್ನು ಹಾಕುವುದರಲ್ಲಿ ಅರ್ಥವಿಲ್ಲ. ಅಗಲ ನೋಟದ ಲೆನ್ಸಿಗೆ ತೆಳು ಉಂಗುರದ್ದು ಬೇಕು, ದಪ್ಪನೆಯದು ಚಿತ್ರದ ಮೂಲೆಗಳನ್ನು ಕಪ್ಪಾಗಿಸುತ್ತದೆ. ಹಿತ್ತಾಳೆಯ ಉಂಗುರ ಅಲ್ಯುಮಿನಿಯಮ್ಮಿನದಕ್ಕಿಂತ ಕಡಿಮೆ ಕಚ್ಚಿಕೊಳ್ಳುತ್ತದೆ. 1947ರಲ್ಲಿ ಬರ್ಲಿನ್ನಿನಲ್ಲಿ ಆರಂಭವಾದ ಫಿಲ್ಟರ್ ಕಂಪನಿ ಬಿ ಪ್ಲಸ್ ಡಬ್ಲ್ಯು ಹೆಸರು ಗಳಿಸಿದ್ದರಲ್ಲಿ ಹಿತ್ತಾಳೆಗೂ ಪಾಲಿದೆ. ಕಚ್ಚಿಕೊಂಡ ಫಿಲ್ಟರನ್ನು ಬೆರಳುಗಳಿಂದ ಜೋರಾಗಿ ಹಿಂಡಿದರೆ ಉಂಗುರ ಅಂಡಾಕಾರಕ್ಕೆ ತಿರುಗಿ ಇನ್ನಷ್ಟು ಬಿಗಿಯಾಗುತ್ತದೆ. ಸುತ್ತ ಅಗಲದ ರಬ್ಬರ್ ಬ್ಯಾಂಡ್ ಹಾಕಿ, ಅಂಗೈಯಿಂದ ಎಲ್ಲ ಕಡೆ ಸಮನಾಗಿ ಹಿಡಿದು, ಮೆಲ್ಲಗೆ ತಿರುಗಿಸಬೇಕು. ಇನ್ನೊಂದು ಎಚ್ಚರಿಕೆ: ಯುವಿ ಫಿಲ್ಟರ್ ಇದೆಯೆಂದು ಗ್ರಹಣದ ಸೂರ್ಯನ ಕಡೆಗೆ ಲೆನ್ಸ್ ತಿರುಗಿಸುವವರೂ ಇದ್ದಾರೆ. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗಿನಲ್ಲಿ ಕಂಡಂಥ ಕಂಕಣ ಗ್ರಹಣಕ್ಕೆ ಬೇಕಾದದ್ದು ಬೆಳಕಿನ ಲಕ್ಷದಲ್ಲೊಂದು ಪಾಲನ್ನಷ್ಟೇ ಬಿಡುವ ಸೌರ ಫಿಲ್ಟರ್. ಯುವಿ ಫಿಲ್ಟರಿನಿಂದ ಕಣ್ಣಿಗಾಗಲಿ ಸೆನ್ಸರಿಗಾಗಲಿ ಯಾವ ರಕ್ಷಣೆಯೂ ಇಲ್ಲ.

ಕ್ಯಾಮೆರಾ ಇಲ್ಲದವರಿಗೂ ಈ ಪ್ರಶ್ನೆ ಈಗ ತಲುಪಿದೆ. ಮೊಬೈಲ್ ಅಂಗಡಿಗಳಲ್ಲಿ ಪರದೆಗೆ ಗಾಜು ಅಂಟಿಸುವಾಗ ಹಿಂದಿನ ಕ್ಯಾಮೆರಾಗಳಿಗೂ ಒಂದೊಂದು ಉಂಗುರಗಾಜು ಅಂಟಿಸಿಕೊಡುತ್ತಾರೆ. ಆದರೆ ಮೊಬೈಲಿನ ಕ್ಯಾಮೆರಾ ಮೇಲೆ ತಯಾರಕರೇ ಹಾಕಿದ ಗಟ್ಟಿ ಗಾಜೊಂದು ಆಗಲೇ ಇದೆ. ಐಫೋನ್ 2012ರಿಂದಲೇ ನೀಲಮಣಿಯ ಹರಳನ್ನು ಇದಕ್ಕೆ ಬಳಸುತ್ತಿದೆ. ಅದರ ಮೇಲೆ ಲೇಪವಿಲ್ಲದ ಇನ್ನೊಂದು ಗಾಜು ಬಂದರೆ ನಡುವೆ ಧೂಳು ಕೂರುತ್ತದೆ, ರಾತ್ರಿಯ ಪ್ರತಿಯೊಂದು ದೀಪಕ್ಕೂ ಬೆಳಕಿನ ಬಾಲ ಬರುತ್ತದೆ. ಇನ್ನು ನಿಮ್ಮ ಕ್ಯಾಮೆರಾದ ಫಿಲ್ಟರ್ ಹೇಗಿದೆಯೆಂದು ತಿಳಿಯಲು ಕತ್ತಲೆ ಕೋಣೆಯಲ್ಲಿ ಒಂದು ಟಾರ್ಚ್ ಹೊತ್ತಿಸಿ ಚೌಕಟ್ಟಿನ ಮೂಲೆಗೆ ಬರುವಂತೆ ಇಡಿ. ಫಿಲ್ಟರ್ ಹಾಕಿ ಒಂದು, ತೆಗೆದು ಒಂದು ಚಿತ್ರ ತೆಗೆಯಿರಿ. ಎರಡರಲ್ಲೂ ಎದುರು ಮೂಲೆಯನ್ನು ದೊಡ್ಡದು ಮಾಡಿ ನೋಡಿ. ಅಲ್ಲಿ ಎರಡನೆಯ ಟಾರ್ಚ್ ಕಾಣಿಸಿದರೆ ಆ ಗಾಜನ್ನು ಬದಲಿಸುವ ಹೊತ್ತಾಗಿದೆ. ಕಾಣಿಸದಿದ್ದರೆ ಅದು ಚೀಲದಲ್ಲಿರಲಿ, ಕಂಬಳದ ದಿನ ಹಾಕಿಕೊಳ್ಳಿ.